ಚಿತ್ ಆದ ಮ್ಯಾಲೆ ಏನು ಮಾಡಬೇಕು?



ಕುಸ್ತಿ ಬಹಳ ಪುರಾತನವಾದ ಆಟ. ಭೀಮ ಜರಾಸಂಧರ ಮಲ್ಲಯುದ್ಧದ ಕಥೆ ನಮಗೆಲ್ಲ ಗೊತ್ತೇ ಇದೆ. ನಮ್ಮ ಗದಗ, ಧಾರವಾಡ, ಬೆಳಗಾವಿ, ಬಾಗಲಕೋಟೆ ಭಾಗದಲ್ಲಿ ಜಾತ್ರೆ ಬಂತೆಂದರೆ ಎಷ್ಟೋ ಊರುಗಳಲ್ಲಿ ತೇರಿನ ಜೊತೆಗೆ ಕುಸ್ತಿಯೂ ಇರುತ್ತದೆ. ಹಲಗಿ ಬಾರಿಸುತ್ತಾರೆ, ಮಂದಿ ಕಣದ ಸುತ್ತ ಕುಂದರತಾರ, ಸಣ್ಣ ಹುಡುಗರು ಗಿಡದ ಮ್ಯಾಲೆ ಏರಿರ್ತಾರ. ಹ್ಯಾಂಡಬಿಲ್ಲಿನಲ್ಲಿ ‘ಜಂಗೀ ನಿಕಾಲಿ ಕುಸ್ತಿಗಳು’ ಎಂದು ಬರೆದಿರುತ್ತದೆ. ನಿಕಾಲಿ ಅಂದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಹಿಡಿಯುವ ಕುಸ್ತಿ. ಗೆದ್ದವನಿಗೆ ಬೆಳ್ಳಿ ಕಡಗ ಹಾಕಿ ಹೆಗಲ ಮ್ಯಾಲೆ ಹೊತ್ತುಕೊಂಡು ಕುಣಿಯುತ್ತಾರೆ. ಸೋತವ ಎಲ್ಲಿ ಹೋದ? ಅದನ್ನ ಯಾರೂ ನೋಡೂದಿಲ್ಲ. ಅವ ಮೈಗೆ ಹತ್ತಿದ ಮಣ್ಣು ಝಾಡಿಸಿಕೊಂಡು, ಅಂಗಿ ಹುಡುಕಿಕೊಂಡು, ಮಂದಿ ನಡುವೆ ದಾರಿ ಮಾಡಿಕೊಂಡು ಹೋಗಿರ್ತಾನ. ಈ ಲೇಖನ ಅವನ ಬಗ್ಗೆ ಇದೆ.

ಇದನ್ನು ಬರೆಯಲು ಕಾರಣವಿದೆ. ನಮ್ಮ ಗೆಳೆಯರಲ್ಲಿ ಕೆಲವರು ಶಾಲಾ ಕ್ರೀಡಾಕೂಟದ ಕುಸ್ತಿಗೆ ಹೋಗಿ ಮೊದಲನೇ ಸುತ್ತಿನಲ್ಲಿಯೇ ಸೋತು ಬಂದರು. ಆ ಮೇಲೆ ಅವರು ಮತ್ತೆ ಲಂಗೋಟಿ ಕಟ್ಟಲೇ ಇಲ್ಲ. ಕೇಳಿದರೆ “ನನ್ನ ಕೈಲೆ ಆಗೂದಿಲ್ಲ ಬಿಡೋ” ಅಂತಾರ. ಕಟ್ಟಿ ಮ್ಯಾಲೆ ಕುಂತ ಮಂದಿ “ಏನಲೇ ಪೈಲ್ವಾನ, ಎರಡು ನಿಮಿಷನೂ ನಿಲ್ಲಲಿಲ್ಲಂತಲ್ಲ” ಅಂತ ನಗತಾರ. ಆ ಮಂದಿಯಲ್ಲಿ ಎಷ್ಟು ಜನ ಕಣಕ್ಕೆ ಇಳಿದಿದ್ದಾರೋ ನಮಗಂತೂ ಗೊತ್ತಿಲ್ಲ.

ಮೊದಲು ಒಂದು ಗಣಿತ ಮಾಡೋಣ. ಒಂದು ತೂಕದಲ್ಲಿ 16 ಹುಡುಗರು ಬಂದಿದ್ದಾರೆ ಎಂದುಕೊಳ್ಳಿ. ಚೀಟಿ ಎತ್ತಿ ಜೋಡಿ ಮಾಡುತ್ತಾರೆ. ಮೊದಲನೇ ಸುತ್ತಿನಲ್ಲಿ 8 ಕುಸ್ತಿ, 8 ಮಂದಿ ಮನೆಗೆ. ಆಮೇಲೆ 4, ಆಮೇಲೆ 2, ಕೊನೆಗೆ 1. ಒಟ್ಟು 15 ಕುಸ್ತಿ, 15 ಸೋಲು. ಅಂದರೆ 16 ಮಂದಿಯಲ್ಲಿ 15 ಮಂದಿ ಸೋಲಲೇಬೇಕು, ಎಷ್ಟೇ ಚಲೋ ಆಡಿದರೂ ಸರಿ. ಇನ್ನು ಚೀಟಿಯಲ್ಲಿ ನಿನ್ನ ಪಾಲಿಗೆ ಮೊದಲಿಗೇ ಆ ಗೆಲ್ಲುವ ಹುಡುಗನೇ ಬಂದರೆ ನೀನು ಬೆಳಿಗ್ಗೆ ಹತ್ತೂವರಿಗೇ ಮನೆಗೆ ಬಂದಂಗ. ಎರಡನೇ ನಂಬರಿನ ತಾಕತ್ತು ನಿನಗೆ ಇದ್ದರೂ ಚೀಟಿ ಅದನ್ನ ಹೇಳೂದಿಲ್ಲ. ಆದ್ದರಿಂದ ಒಂದು ಸೋಲಿನಿಂದ ‘ನಾನು ಯಾವ ದರ್ಜೆಯವ’ ಎಂಬುದು ತಿಳಿಯುವುದಿಲ್ಲ.

ಹಾಗಾದರೆ ಸೋಲಿನಿಂದ ತಿಳಿಯುವುದು ಏನು? ಒಂದೇ ಒಂದು ಸಂಗತಿ. ‘ಯಾವ ಪಟ್ಟಿಗೆ ಬಿದ್ದೆ’ ಎಂಬುದು. ಇದೇ ಈ ಲೇಖನದ ಮುಖ್ಯ ಮಾತು, ದಯವಿಟ್ಟು ಇಲ್ಲಿ ಸ್ವಲ್ಪ ನಿಂತು ಓದಬೇಕು.

ಮನಸ್ಸು ಕುಗ್ಗಿದವನನ್ನು ಕೇಳಿರಿ, ಅವ ಸೋಲನ್ನ ಇಡಿಯಾಗಿ ಹೇಳತಾನ. “ನನಗ ಕುಸ್ತಿ ಬರೂದಿಲ್ಲ”, “ಅವ ಭಾಳ ಜೋರ ಇದ್ದ”. ಇಂಥಾ ಮಾತಿಗೆ ಮದ್ದಿಲ್ಲ. ಗರಡಿ ಮನೆಯ ವಸ್ತಾದರು ಹಾಗೆ ಕೇಳುವುದಿಲ್ಲ. ಅವರು ಕೇಳುವುದು, “ಅವ ಎಲ್ಲಿ ಹಿಡದ? ಆವಾಗ ನಿನ್ನ ಯಾವ ಕಾಲು ಮುಂದಿತ್ತು? ನಿನ್ನ ತಲಿ ಎಲ್ಲಿತ್ತು?” ಇವಕ್ಕೆ ಉತ್ತರ ಸಿಕ್ಕರೆ ಸೋಲು ಸಣ್ಣದಾಗುತ್ತದೆ. ‘ನನಗೆ ಕುಸ್ತಿ ಬರುವುದಿಲ್ಲ’ ಎಂಬುದು ಹೋಗಿ ‘ಎಡಗಾಲು ಮುಂದಿಟ್ಟು ನೆಟ್ಟಗೆ ನಿಂತಿದ್ದೆ, ಅವ ಆ ಕಾಲಿಗೇ ಬಂದ’ ಎಂದಾಗುತ್ತದೆ. ನೆಟ್ಟಗೆ ನಿಲ್ಲುವುದನ್ನು ಬಿಡಿಸಬಹುದು. ಹದಿನೈದು ದಿವಸದ ಕೆಲಸ ಅದು.

ಹೊಸಬರು ಬೀಳುವುದು ಬಹುಮಟ್ಟಿಗೆ ನಿಲುವಿನಿಂದಲೇ. ಮಂದಿ ನೋಡತಾರಂತ ಎದಿ ಉಬ್ಬಿಸಿ ನಿಲ್ಲತಾರ. ಅದು ಫೋಟೋಕ್ಕೆ ಚಲೋ, ಕುಸ್ತಿಗೆ ಅಲ್ಲ. ಮೊಣಕಾಲು ಬಾಗಿರಬೇಕು, ಎರಡೂ ಪಾದಗಳ ನಡುವೆ ಹೆಗಲಿನಷ್ಟು ಅಂತರ ಇರಬೇಕು, ಭಾರ ಹಿಮ್ಮಡದ ಮೇಲೆ ಇರದೆ ಪಾದದ ಮುಂಭಾಗದ ಮೇಲೆ ಇರಬೇಕು, ಮೊಣಕೈ ಪಕ್ಕೆಗೆ ಹತ್ತಿರ ಇರಬೇಕು. ಮೊಣಕೈ ದೂರ ಹೋದರೆ ಬಗಲು ತೆರೆದಂತೆ. ಬಗಲು ತೆರೆದರೆ ಅವನ ಕೈ ಒಳಗೆ ಬಂದಂತೆ. ತಲೆ ಕೆಳಗೆ ಹಾಕಿ ನೆಲ ನೋಡಿದರೆ ಅವ ಕುತ್ತಿಗಿ ಹಿಡಿದು ಮುಂದಕ್ಕೆ ಜಗ್ಗಿ ಮಣ್ಣಿಗೆ ಹಾಕತಾನ. ಎತ್ತಿನ ಗಾಡಿ ಇಳಿಜಾರಿನಲ್ಲಿ ಹೋಗುವಾಗ ಎತ್ತು ಹೇಗೆ ಕಾಲು ಊರಿ ತಡೆದುಕೊಳ್ಳುತ್ತದೆ, ಅದನ್ನು ನೋಡಿರಿ. ಹಾಗೆ ನಿಲ್ಲಬೇಕು.

ಆಮೇಲೆ ಕಾಲಿಗೆ ಹೋಗುವ ಪಟ್ಟು. ದೂರದಿಂದ ಹಾರಿ ಅವನ ಕಾಲು ಹಿಡಿಯಲು ಹೋಗುತ್ತಾರೆ. ಅವ ಎರಡೂ ಕಾಲನ್ನು ಹಿಂದಕ್ಕೆ ಎಸೆದು ಬೆನ್ನ ಮೇಲೆ ಭಾರ ಹಾಕತಾನ, ಮುಗೀತು, ಮೂಗು ಮಣ್ಣಾಗ. ಸರಿಯಾದ ಕ್ರಮವೆಂದರೆ ಮೊದಲು ಕೈಯಿಂದ ಅವನ ತಲೆಯನ್ನೋ ತೋಳನ್ನೋ ಎಳೆದು ಅವನ ಭಾರವನ್ನು ಒಂದು ಕಾಲಿನ ಮೇಲೆ ತರಬೇಕು. ಭಾರ ಬಿದ್ದ ಕಾಲನ್ನು ಅವ ಚಟ್ಟನೆ ತೆಗೆಯಲು ಆಗುವುದಿಲ್ಲ. ಆಗ ನಮ್ಮ ಪಾದ ಅವನ ಎರಡು ಪಾದಗಳ ನಡುವೆ ಬೀಳಬೇಕು, ತಲೆ ಮೇಲೆ ಇದ್ದು ಅವನ ಪಕ್ಕೆಗೆ ಒತ್ತಿರಬೇಕು, ಕೈ ಮೊಣಕಾಲಿನ ಹಿಂದೆ ಕೂಡಬೇಕು. ಓದಲು ನಾಲ್ಕು ಸಾಲು. ಮೈಗೆ ಹತ್ತಲು ನೂರಾರು ಸಲ ಮಾಡಬೇಕಾಗ್ತದ.

ಅದಕ್ಕೇ ತಾಲೀಮು ಎನ್ನುವುದು. ಡಂಡ, ಬಸ್ಕಿ ಹೊಡೆಯುವುದಷ್ಟೇ ತಾಲೀಮು ಎಂದು ತಿಳಿದವರು ಬಹಳ. ಅವುಗಳಿಂದ ಕಸುವು ಬರುತ್ತದೆ ನಿಜ. ಆದರೆ ಪಟ್ಟು ಬರುವುದು ಪಟ್ಟು ಮಾಡಿದರೆ ಮಾತ್ರ. ಜೋಡಿಯವನು ವಿರೋಧ ಮಾಡದೆ ಸುಮ್ಮನೆ ನಿಲ್ಲುತ್ತಾನೆ, ನಾವು ನಿಧಾನವಾಗಿ ಮಾಡುತ್ತೇವೆ. ಆಮೇಲೆ ಅವ ಅರ್ಧ ಜೋರಿನಿಂದ ತಡೆಯುತ್ತಾನೆ. ಕೊನೆಗೆ ಪೂರಾ ಜೋರು. ಈ ಮೂರು ಹೆಜ್ಜೆ ಬಿಟ್ಟು ನೇರ ಜಂಗೀ ಕುಸ್ತಿಗೆ ಹೋದರೆ ಗಾಬರಿಯಲ್ಲಿ ಮೈ ಹಳೆಯದನ್ನೇ ಮಾಡುತ್ತದೆ. ನಮ್ಮಲ್ಲಿ ಧೋಬಿ ಪಛಾಡ ಎಲ್ಲರಿಗೂ ಬೇಕು, ಯಾಕಂದ್ರ ನೋಡಲು ಚಂದ. ಅಗಸರು ಅರಿವಿಯನ್ನು ಹೆಗಲ ಮೇಲಿಂದ ಬೀಸಿ ಕಲ್ಲಿಗೆ ಒಗೆದ ಹಾಗೆ ಎದುರಾಳಿಯನ್ನು ಒಗೆಯುವ ಪಟ್ಟು ಅದು. ನಿಲುವು ಕೂಡದವನು ಅದನ್ನು ಹಾಕಲು ಹೋದರೆ ತಾನೇ ಬೆನ್ನು ಕೊಟ್ಟಂತಾಗುತ್ತದೆ.

ಇನ್ನು ದೊಡ್ಡವರ ಮಾತಿಗೆ ಬರೋಣ. ನಮ್ಮ ಕರ್ನಾಟಕದವರೇ ಒಬ್ಬರು, ಶ್ರೀಪತಿ ಖಂಚನಾಳೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಯಕ್ಸಂಬಾದವರು. ಕೊಲ್ಲಾಪುರದಲ್ಲಿ ತಾಲೀಮು ಮಾಡಿ 1959ರಲ್ಲಿ ಮೊಟ್ಟ ಮೊದಲನೆಯ ‘ಹಿಂದ್ ಕೇಸರಿ’ ಆದರು. 2020ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ಈಗಲೂ ಹಿರಿಯ ಪೈಲ್ವಾನರು ಕಿವಿ ಮುಟ್ಟಿಕೊಳ್ಳುತ್ತಾರೆ. ಆದರೆ ಸೋಲಿನ ಪಾಠಕ್ಕೆ ಅದೇ ಕೊಲ್ಲಾಪುರದಲ್ಲಿ ಕಲಿತ ಇನ್ನೊಬ್ಬರ ಕಥೆ ಹೆಚ್ಚು ಹೊಂದುತ್ತದೆ. ಅವರೇ ಖಾಶಾಬಾ ದಾದಾಸಾಹೇಬ ಜಾಧವ.

ಜಾಧವರು ಸಾತಾರಾ ಜಿಲ್ಲೆಯ ಕರಾಡ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯವರು. ತಂದೆಯೇ ಪೈಲ್ವಾನರು. 1948ರಲ್ಲಿ ಲಂಡನ್ ಒಲಿಂಪಿಕ್‌ಗೆ ಹೋದರು. ಹುಟ್ಟಿದಾಗಿನಿಂದ ಮಣ್ಣಿನಲ್ಲಿ ಆಡಿದವರು, ಅಲ್ಲಿ ಮ್ಯಾಟ್ ಹಾಸಿತ್ತು. ಮಣ್ಣಿನಲ್ಲಿ ಕಾಲು ಹೂತು ನಿಲ್ಲುತ್ತದೆ, ಕುಸ್ತಿ ಅರ್ಧ ತಾಸು ನಡೆದರೂ ನಡೆಯಿತು. ಮ್ಯಾಟಿನ ಮೇಲೆ ಹಾಗಲ್ಲ, ಗಡಿಯಾರ ಓಡುತ್ತಿರುತ್ತದೆ, ನಿಯಮ ಬೇರೆ, ಬೇಗ ಬೇಗ ಪಟ್ಟು ಹಾಕಬೇಕು. ಜಾಧವರು ಆ ಸಲ ಆರನೆಯವರಾದರು. ಊರಿಗೆ ಬಂದು ‘ನಮ್ಮ ಕುಸ್ತಿಯೇ ಬೇರೆ, ಅವರದೇ ಬೇರೆ’ ಎಂದು ಕೂಡಬಹುದಿತ್ತು. ಹಾಗೆ ಕೂಡಲಿಲ್ಲ. ಎಲ್ಲಿ ಕೊರತೆ ಇದೆ ಎಂಬುದು ಅವರಿಗೆ ಈಗ ಗೊತ್ತಿತ್ತು. ನಾಲ್ಕು ವರ್ಷ ಅದನ್ನೇ ಮಾಡಿದರು.

1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕೆಂದರೆ ಕೈಯಲ್ಲಿ ರೊಕ್ಕ ಇಲ್ಲ. ಊರವರು ಪಟ್ಟಿ ಎತ್ತಿದರು. ಅವರು ಕಲಿತ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೀಕರ ಅವರು ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ಕೊಟ್ಟರು. (ಗುರುಗಳು ಇದನ್ನು ಓದಿ ಗಾಬರಿಯಾಗಬಾರದು, ನಾವು ಅಷ್ಟು ಕೇಳುವುದಿಲ್ಲ.) ಹೆಲ್ಸಿಂಕಿಯಲ್ಲಿ ಜಾಧವರು ಸೋಲದೇ ಗೆದ್ದರು ಎಂದುಕೊಂಡೀರಿ. ಅಲ್ಲ. ಸೋವಿಯತ್ ಒಕ್ಕೂಟದ ಪೈಲ್ವಾನನಿಗೆ ಸೋತರು, ಜಪಾನಿನ ಇಶಿಯಿ ಎಂಬವರಿಗೂ ಸೋತರು. ಆದರೂ ಕಂಚಿನ ಪದಕ ಬಂತು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ಒಬ್ಬನೇ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಅಂಥ ಎರಡನೇ ಪದಕಕ್ಕೆ 1996ರ ತನಕ, ಅಂದರೆ 44 ವರ್ಷ ಕಾಯಬೇಕಾಯಿತು. ಟೆನಿಸ್‌ನಲ್ಲಿ ಲಿಯಾಂಡರ್ ಪೇಸ್ ತಂದರು.

ನಮ್ಮ ಬಾಜೂ ಜಿಲ್ಲೆಯ ಮಾತು ಕೇಳಬೇಕೆಂದರೆ ಬಾಗಲಕೋಟೆಯ ಅರ್ಜುನ ಹಲಕುರ್ಕಿ ಇದ್ದಾರೆ. ಅವರದು ಗ್ರೀಕೋ ರೋಮನ್ ಕುಸ್ತಿ. ಅದರಲ್ಲಿ ಸೊಂಟದ ಕೆಳಗೆ ಹಿಡಿಯುವ ಹಾಗಿಲ್ಲ, ಕಾಲು ಬಳಸುವ ಹಾಗಿಲ್ಲ. 2020ರಲ್ಲಿ ದಿಲ್ಲಿಯಲ್ಲಿ ಏಷ್ಯಾ ಚಾಂಪಿಯನ್‌ಶಿಪ್ ನಡೆಯಿತು. 55 ಕಿಲೋ ತೂಕದ ಸೆಮಿಫೈನಲ್‌ನಲ್ಲಿ ಇರಾನಿನವನ ಮೇಲೆ 7-1ರಿಂದ ಮುಂದಿದ್ದರು. ಆ ಕುಸ್ತಿಯಲ್ಲಿ 8 ಅಂಕದ ಅಂತರವಾದರೆ ಅಲ್ಲಿಗೇ ಮುಗಿಯುತ್ತದೆ, ಅಂದರೆ ಇನ್ನೆರಡು ಅಂಕ ಸಾಕಿತ್ತು. ಆದರೆ 7-8ರಿಂದ ಸೋತರು. ಓದುವಾಗಲೇ ಹೊಟ್ಟಿಯೊಳಗ ಏನೋ ಆಗತೈತಿ, ಅವರಿಗೆ ಹೆಂಗಾಗಿರಬೇಡ? ಆದರೂ ಆಮೇಲೆ ಕಂಚಿನ ಪದಕದ ಕುಸ್ತಿಗೆ ಇಳಿದು ಕೊರಿಯಾದವನನ್ನು 7-4ರಿಂದ ಸೋಲಿಸಿದರು. ಸೋತ ಮೇಲೆ ನಾಲ್ಕು ವರ್ಷ ಇದ್ದ ಜಾಧವರ ಕೆಲಸ ಬೇರೆ, ಸೋತ ಬೆನ್ನಿಗೇ ಮತ್ತೆ ಇಳಿಯುವ ಹಲಕುರ್ಕಿಯವರ ಕೆಲಸ ಬೇರೆ. ಎರಡನೆಯದರಲ್ಲಿ ಪಟ್ಟು ತಿದ್ದಲು ಪುರುಸೊತ್ತಿಲ್ಲ. ಉಸಿರು ಸರಿ ಮಾಡಿಕೊಂಡು, ನೀರು ಕುಡಿದು, ಹಿಂದಿನ ಕುಸ್ತಿಯ ಲೆಕ್ಕವನ್ನು ಮನೆಗೆ ಹೋದ ಮೇಲೆ ಮಾಡೋಣ ಎಂದು ಬದಿಗಿಡುವುದು, ಅಷ್ಟೇ.

ಈಗ ಯಾರೂ ಹೇಳದ ಒಂದು ಸಂಗತಿ. ಸುಧಾರಿಸಲು ಶುರು ಮಾಡಿದ ಮೇಲೆ ಕೆಲವು ದಿನ ಇನ್ನೂ ಹೆಚ್ಚು ಸೋಲುತ್ತೇವೆ! ಇದು ಸುಳ್ಳಲ್ಲ. ಒಬ್ಬ ಹುಡುಗ ಬರೀ ಜೋರಿನಿಂದ ನೂಕಿ ಗೆಲ್ಲುತ್ತಿರುತ್ತಾನೆ. ವಸ್ತಾದರು “ನೂಕೂದು ಬಿಡು, ಕಾಲಿಗೆ ಹೋಗು” ಅಂತಾರ. ಹೊಸ ಪಟ್ಟು ಇನ್ನೂ ಅರ್ಧ ಬಂದಿರುತ್ತದೆ, ಹಳೆಯದನ್ನು ಬಿಟ್ಟಾಗಿದೆ. ದಿನಾ ಸೋಲುತ್ತಿದ್ದವರಿಗೇ ಬೀಳತಾನ. ಬರವಣಿಗೆ ತಿದ್ದಿಕೊಳ್ಳುವಾಗಲೂ ಹಾಗೇ ಅಲ್ಲವೇ? ಲೇಖನಿ ಹಿಡಿಯುವ ರೀತಿ ಬದಲಿಸಿದರೆ ಮೊದಲಿಗೆ ಅಕ್ಷರ ಇನ್ನೂ ಸೊಟ್ಟ ಬರತಾವ. ಬಹಳ ಮಂದಿ ಬಿಡುವುದು ಇದೇ ಹೊತ್ತಿನಲ್ಲಿ. ಆದ್ದರಿಂದ ಹೊಸ ಪಟ್ಟು ಕಲಿಯುವ ದಿನಗಳಲ್ಲಿ ಸೋಲು ಗೆಲುವು ಎಣಿಸಬಾರದು. ಎಣಿಸುವುದಾದರೆ ‘ಇವತ್ತು ಎಷ್ಟು ಸಲ ಕಾಲಿಗೆ ಹೋದೆ’ ಎಂದು ಎಣಿಸಬೇಕು. ಮೊನ್ನೆ ಎರಡು ಸಲ, ಇವತ್ತು ಐದು ಸಲ, ಐದರಲ್ಲಿ ಒಂದು ಹತ್ತಿತು. ಹಿಂಗ ಒಂದು ನೋಟಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟರೆ ತಿಂಗಳ ಮೇಲೆ ತಿರುವಿ ನೋಡಬಹುದು. ನೆನಪು ಬರೀ ಬಿದ್ದದ್ದನ್ನೇ ಹಿಡಿದುಕೊಳ್ಳುತ್ತದೆ, ನೋಟಬುಕ್ಕು ಎರಡನ್ನೂ ಹಿಡಿದುಕೊಳ್ಳುತ್ತದೆ.

ಜೋಡಿ ಆರಿಸುವುದರಲ್ಲೂ ವಿಚಾರ ಬೇಕು. ದಿನಾ ತನಗಿಂತ ಸಣ್ಣವರನ್ನೇ ಕೆಡವಿ ಖುಷಿಪಡುವವರು ನಮ್ಮಲ್ಲಿ ಇದ್ದಾರೆ, ಹೆಸರು ಬೇಡ. ದಿನಾ ತನಗಿಂತ ಬಲವಾದವನ ಕೈಲೆ ಬಿದ್ದು ಬಿದ್ದು ಬೇಸತ್ತವರೂ ಇದ್ದಾರೆ. ಮೂರೂ ಥರದವರು ಬೇಕು. ಬಲವಾದವನ ಕೂಡ ಹಿಡಿದಾಗ ಗೆಲ್ಲಲು ನೋಡದೆ, ಬೀಳದೆ ಎಷ್ಟು ಹೊತ್ತು ನಿಲ್ಲುತ್ತೇನೆ ಎಂದು ನೋಡಬೇಕು. ಸಣ್ಣವನ ಕೂಡ ಹಿಡಿದಾಗ ಹೊಸ ಪಟ್ಟನ್ನೇ ಹಾಕಬೇಕು, ಅವನಿಗೂ ಹೇಳಿಕೊಡಬೇಕು. ಸರಿಸಮ ಇದ್ದವನ ಕೂಡ ನಿಜವಾದ ಕುಸ್ತಿ.

ಕೆಲವರು ಕೇಳಬಹುದು, “ನಾವು ಮೊಬೈಲಿನ್ಯಾಗ ಹೊಡೆದಾಟದ ಆಟ ಆಡ್ತೀವಲ್ಲ, ಅದರಾಗ ಸುಧಾರಿಸೂದು ಹೆಂಗ?” ಎಂದು. ನಗಬೇಡಿರಿ, ಅದೂ ಈಗ ದೊಡ್ಡ ಕ್ರೀಡಾಕೂಟಕ್ಕೆ ಬಂದಿದೆ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ‘ಸ್ಟ್ರೀಟ್ ಫೈಟರ್’ ಎಂಬ ವಿಡಿಯೋ ಆಟಕ್ಕೂ ಪದಕ ಇತ್ತು. ಬಂಗಾರ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್ ವೂ. ವಯಸ್ಸು ಆಗ 44! ಬೆರಳಿನ ಚುರುಕು ಒಂದೇ ಸಾಕಾಗಿದ್ದರೆ ಹದಿನೆಂಟರ ಹುಡುಗರೇ ಗೆಲ್ಲಬೇಕಿತ್ತು. ಅಲ್ಲಿಯೂ ಎದುರಾಳಿ ಮುಂದೆ ಏನು ಮಾಡುತ್ತಾನೆ ಎಂದು ಓದುವುದೇ ಆಟ. ಅಂಥ ಆಟಗಳಲ್ಲಿ ಎದುರಾಳಿಯನ್ನು ಸುಮ್ಮನೆ ನಿಲ್ಲಿಸಿ ಒಂದೇ ಹೊಡೆತವನ್ನು ನೂರು ಸಲ ಮಾಡುವ ಅಭ್ಯಾಸದ ವಿಭಾಗ ಇರುತ್ತದೆ, ಆಡಿದ್ದನ್ನು ಮತ್ತೆ ನೋಡುವ ಸೌಕರ್ಯವೂ ಇರುತ್ತದೆ. ನಮ್ಮವರು ಅದರ ಹತ್ತಿರ ಹೋಗೂದೇ ಇಲ್ಲ. ಸೋತ ಕೂಡಲೇ ಸಿಟ್ಟಿನಿಂದ ಮತ್ತೆ ಆಡುವ ಗುಂಡಿ ಒತ್ತತಾರ, ಮತ್ತ ಅದೇ ಏಟಿಗೆ ಸಾಯತಾರ, ಮತ್ತ ಒತ್ತತಾರ. ರಾತ್ರಿ ಹನ್ನೊಂದಾದರೂ ಬಿಡೂದಿಲ್ಲ. ನೂರು ಸಲ ಒಂದೇ ರೀತಿ ಸೋತರೆ ಅದು ಅಭ್ಯಾಸ ಅಲ್ಲ.

ತೂಕದ ಬಗ್ಗೆ ಒಂದು ಎಚ್ಚರಿಕೆ. ಕೆಳಗಿನ ತೂಕದಲ್ಲಿ ಆಡಿದರೆ ಸುಲಭ ಎಂದು ಕೆಲವರು ಎರಡು ದಿನ ಉಪವಾಸ ಮಾಡುತ್ತಾರೆ, ನೀರು ಸಹ ಕುಡಿಯುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಇದು ಅಪಾಯ, ಕಣದಲ್ಲಿ ತಲೆ ತಿರುಗಿ ಬೀಳುತ್ತಾರೆ. ದೊಡ್ಡವರಿಗೇ ಅದು ಕಷ್ಟ. 2024ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ ವಿನೇಶ ಫೋಗಟ್ 50 ಕಿಲೋ ವಿಭಾಗದ ಫೈನಲ್ ತಲುಪಿ, ಆ ದಿನ ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಆಟದಿಂದಲೇ ಹೊರಗಾದರು. ನಾವು ರೊಟ್ಟಿ, ಕಾಳುಪಲ್ಲೆ, ಶೇಂಗಾ, ಮಜ್ಜಿಗಿ ಚೆನ್ನಾಗಿ ತಿಂದು ಯಾವ ತೂಕ ಬರತೈತೋ ಅದರಲ್ಲೇ ಆಡುವುದು ಲೇಸು. ಕುತ್ತಿಗೆ, ಭುಜ, ಮೊಣಕಾಲು ನೋವಿದ್ದರೆ ಮುಚ್ಚಿಡದೆ ಗುರುಗಳಿಗೆ ಹೇಳಬೇಕು. ಮೈ ಮೇಲೆ ಗಜಕರ್ಣ ಎದ್ದವರು ವಾಸಿಯಾಗುವ ತನಕ ಕುಸ್ತಿ ಹಿಡಿಯಬಾರದು, ಅದು ಎಲ್ಲರಿಗೂ ಹತ್ತತೈತಿ.

ಇಲ್ಲಿಯ ತನಕ ವಿದ್ಯಾರ್ಥಿಗಳಿಗೆ ಹೇಳಿದ್ದಾಯಿತು. ಈಗ ಗುರುಗಳಲ್ಲಿ ಒಂದು ವಿನಂತಿ. ದೊಡ್ಡ ಕುಸ್ತಿಗಳಲ್ಲಿ ‘ರೆಪೆಶಾಜ್’ ಎಂಬ ನಿಯಮ ಇದೆ. ಫೈನಲ್‌ಗೆ ಹೋದವರ ಕೈಲಿ ಸೋತವರಿಗೆ ಕಂಚಿನ ಪದಕಕ್ಕಾಗಿ ಮತ್ತೊಮ್ಮೆ ಅವಕಾಶ ಕೊಡುತ್ತಾರೆ. 2016ರ ರಿಯೋ ಒಲಿಂಪಿಕ್‌ನಲ್ಲಿ ಸಾಕ್ಷಿ ಮಲಿಕ್ ಕ್ವಾರ್ಟರ್ ಫೈನಲ್‌ನಲ್ಲಿ ರಷ್ಯಾದವಳಿಗೆ ಸೋತಿದ್ದರು. ಆ ರಷ್ಯಾದವಳು ಫೈನಲ್ ಮುಟ್ಟಿದ್ದರಿಂದ ಸಾಕ್ಷಿಗೆ ಬಾಗಿಲು ತೆರೆಯಿತು. ಕೊನೆಯ ಕುಸ್ತಿಯಲ್ಲಿಯೂ ಮೊದಲು 0-5 ಹಿಂದೆ ಇದ್ದರು, 8-5ರಿಂದ ಗೆದ್ದರು. ಭಾರತದ ಮಹಿಳೆಯೊಬ್ಬರಿಗೆ ಕುಸ್ತಿಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ನಮ್ಮ ಶಾಲೆಯ ಸ್ಪರ್ಧೆಯಲ್ಲಿ ಇಂಥ ನಿಯಮ ಯಾಕ ಇರಬಾರದು? ಕುಸ್ತಿಗಷ್ಟೇ ಅಲ್ಲ, ಕಬಡ್ಡಿ, ಖೋ ಖೋಕ್ಕೂ ಆದೀತು. ಮೊದಲ ಸುತ್ತಿನಲ್ಲಿ ಸೋತ ಎಂಟು ಮಂದಿಗೆ ಅದೇ ದಿನ ತಮ್ಮ ತಮ್ಮಲ್ಲೇ ಇನ್ನೊಂದು ಕುಸ್ತಿ ಹಚ್ಚಿದರೆ ಅರ್ಧ ತಾಸು ಹೆಚ್ಚಿಗಿ ಹಿಡಿಯಬಹುದು. ಬಹುಮಾನ ಬೇಕಾಗಿಲ್ಲ. ಹುಡುಗಿಯರಿಗೂ ಕುಸ್ತಿ ಇಡಬೇಕೆಂದು ಕೇಳಿಕೊಳ್ಳುತ್ತೇವೆ. ಗದಗದಲ್ಲಿಯೇ ಹುಡುಗಿಯರು ಮ್ಯಾಟಿನ ಮೇಲೆ ಕುಸ್ತಿ ಕಲಿಯುತ್ತಾರೆ.

ಕೊನೆಗೆ ಮಣ್ಣಿನ ವಿಷಯ. ಶಾಲೆಯ ಮೂಲೆಯಲ್ಲಿ ಸಣ್ಣದೊಂದು ಕಣ ಮಾಡಬೇಕೆಂದು ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಹೊಲದ ಎರಿ ಮಣ್ಣು ಇದಕ್ಕೆ ನಡೆಯುವುದಿಲ್ಲ. ಹಸಿ ಇದ್ದರೆ ಮೈಗೆ ಅಂಟತೈತಿ, ಒಣಗಿದರೆ ಬಿರಿದು ಕಲ್ಲಾಗತೈತಿ. ಮಸಾರಿ ಮಣ್ಣು ತಂದು, ಹರಳು ಕಡ್ಡಿ ಇಲ್ಲದಂಗ ಜರಡಿ ಹಿಡಿದು, ಎಣ್ಣಿ, ಅರಿಷಿಣ, ಮಜ್ಜಿಗಿ, ನಿಂಬೆರಸ ಕೂಡಿಸಿ ಹದ ಮಾಡುತ್ತಾರೆ. ದಿನಾ ಸಲಿಕಿಯಿಂದ ಕೆದರಿ ಮೆತ್ತಗೆ ಇಡಬೇಕು, ಇಲ್ಲದಿದ್ದರೆ ಬಿದ್ದವರ ಎಲುಬು ಮುರಿದೀತು. ಯಾವುದು ಎಷ್ಟು ಹಾಕಬೇಕು ಎಂಬ ಲೆಕ್ಕ ಗರಡಿ ಮನೆಯಲ್ಲಿ ಆಡಿದ ಹಿರಿಯರಿಗೆ ಗೊತ್ತಿರುತ್ತದೆ. ಯಾರ ಮನೆಯಲ್ಲಿ ಅಂಥ ಅಜ್ಜ, ಕಾಕಾ, ಮಾವ ಇದ್ದಾರೋ ಅವರು ಕೇಳಿಕೊಂಡು ಬರಬೇಕು. ಬರೆದುಕೊಂಡು ಬಂದರೆ ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಹಚ್ಚುತ್ತೇವೆ.